ಅಪ್ಪನ ಫೋಟೊಗೆ ಜಾಗ

ಅಪ್ಪಾ,

ಗಡಿ ದಾಟಿ ನಮ್ಮನ್ನು ಸೇರಲು ಮರುಭೂಮಿಗೆ ಇಳಿದ ನಿನ್ನ ಸುದ್ದಿ ಇನ್ನೂ ಬಂದಿಲ್ಲ. ಈ ಪತ್ರಕ್ಕೆ ವಿಳಾಸವೂ ಇಲ್ಲ.

ಇಂದು ಗಡಿಯ ಈಚೆ, ಟೂಸಾನ್ ಊರಿನ ನಮ್ಮ ಸಾಂಸ್ಕೃತಿಕ ಕೇಂದ್ರದಲ್ಲಿ ಸತ್ತವರ ಹಬ್ಬಕ್ಕೆ, ತೀರಿಕೊಂಡವರ ಫೋಟೊ ಇಟ್ಟು ಅವರನ್ನು ಊಟಕ್ಕೆ ಕರೆಯುವ ಪೀಠ ಕಟ್ಟಿದೆವು. ಚೆಂಡುಹೂವಿನ ಎಸಳು ಹಾಸುತ್ತಿದ್ದ ಒಬ್ದುಲಿಯಾ ಅಜ್ಜಿ ನನ್ನ ಕೈಯಲ್ಲಿದ್ದ ನಿನ್ನ ಫೋಟೊ ನೋಡಿದಳು.

"ಇಟ್ಬಿಡು ಮಗಳೇ. ಈ ಹೂವಿನ ದಾರಿ ಹಿಡ್ಕೊಂಡು ಬರ್ತಾನೆ. ನಿಮ್ಮಪ್ಪ ಹಬ್ಬದ ತಮಾಲೆ ಕಡುಬು ಬಿಟ್ಟು ಹೋಗೋ ಪೈಕಿನಾ?"

"ಇವತ್ತು ಬರ್ತಾನೆ ಅಂತ ಅಮ್ಮ ಮನೇಲಿ ದಿನಾ ಅಪ್ಪನ ತಟ್ಟೆ ಇಡ್ತಾಳೆ ಅಜ್ಜಿ."

"ಮತ್ತೆ ಫೋಟೊ ಯಾಕ್ ತಂದೆ?"

ಫೋಟೊವನ್ನು ಶಾಲಿನೊಳಗೆ ಮುಚ್ಚಿಕೊಂಡು ಮನೆಗೆ ಬಂದೆ.

ಅಮ್ಮ ನಿನ್ನ ತಟ್ಟೆಗೂ ಬಡಿಸಿ ಕಾಯುತ್ತಿದ್ದಳು. ನನ್ನ ಶಾಲಿಗೆ ಅಂಟಿದ್ದ ಎಸಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆಮೇಲೆ ಬಾಗಿಲು ತೆರೆದು, ಅವನ್ನು ಹೊಸ್ತಿಲಿನಿಂದ ನಿನ್ನ ತಟ್ಟೆಯವರೆಗೆ ಸಾಲಾಗಿ ಇಟ್ಟಳು.