ಫರಸಿಗೆ ಹೆದರಿದ ದೆವ್ವ

ಶಹಾಬಾದ
ಮಂಗಳವಾರ, ಮಧ್ಯಾಹ್ನ

ಕೊಡ್ಲಿ ಗ್ರಾಮಾಧೀಶ್ವರಿ, ಮೂರು ಎಮ್ಮೆ ಮತ್ತು ಒಬ್ಬ ಗಂಡನ ಏಕಚ್ಛತ್ರ ಒಡತಿ, ಅತ್ತೆಯ ಬೀಗದ ಕೈಯನ್ನು ಅತ್ತೆ ಇರುವಾಗಲೇ ಸೊಂಟಕ್ಕೆ ಸಿಕ್ಕಿಸಿಕೊಂಡ ವೀರಾಗ್ರಣಿ, ಅಖಂಡ ಸೌಭಾಗ್ಯವತಿ ದಾನೇಶ್ವರಿ ಅಕ್ಕನವರ ದಿವ್ಯ ಪಾದಗಳಿಗೆ ತಂಗಿ ನೀಲಾಂಬಿಕಾ ಎಂಬ ಕ್ಷುದ್ರ ಜೀವಿಯ ಅನಂತ ಶರಣಾರ್ಥಿಗಳು.

ಫೋನ್ ಬಿಟ್ಟು ಕಾಗದವೇಕೆ ಎಂದು ಕೇಳಬೇಡ. ನಿಮ್ಮ ಎಮ್ಮೆಗೆ ಸೌಂದರ್ಯ ಸ್ಪರ್ಧೆಯಲ್ಲಿ ಬಹುಮಾನ ಬಂದಿದೆಯೆಂದು ನಾನು ಗಂಡಸಿನ ದನಿಯಲ್ಲಿ ಫೋನ್ ಮಾಡಿದ್ದು, ಭಾವ ಅದರ ಕೊಂಬಿಗೆ ಬಣ್ಣ ಹಚ್ಚಿ ಚಿಂಚೋಳಿ ತನಕ ಹೊಡೆದುಕೊಂಡು ಹೋದದ್ದು, ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದು, ಎಲ್ಲವೂ ಈಗ ಇತಿಹಾಸ. ಈ ಕಾಗದವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನಿಂತೇ ಬರೆಯುತ್ತಿದ್ದೇನೆ. ನಿನ್ನಂಥವರಿಗೆ ಕುಳಿತು ಬರೆಯುವುದು ಅವಿನಯ.

ವಿಷಯ ಅವ್ವನದು. ಅವಳ ಮೈಯಲ್ಲಿ ಗಾಳಿ ಸೇರಿದೆಯೆಂದು ಅವಳ ಅಣ್ಣ ಅಂಬರಾಯ ಮಾಮಾ ನಿನಗೂ ಹೇಳಿರಬೇಕು. ನೀನು ಕಣ್ಣಾರೆ ನೋಡಿಲ್ಲ, ನಾನು ನೋಡಿದ್ದೇನೆ. ಮಧ್ಯಾಹ್ನ ಕಲ್ಲಿಗೆ ಪಾಲಿಶ್ ಹಾಕುವ ಮಷೀನುಗಳೆಲ್ಲ ಊಟಕ್ಕೆ ನಿಂತು ಓಣಿ ಒಮ್ಮೆಲೇ ಮೌನವಾಗುತ್ತದಲ್ಲ, ಆ ಹೊತ್ತಿಗೆ ಅವ್ವ ನೆಲ ಒರೆಸಲು ಬಾಗುತ್ತಾಳೆ. ಬಾಗಿದವಳು ಹಾಗೇ ನಿಲ್ಲುತ್ತಾಳೆ. ಮುಖಕ್ಕೆ ಕಲ್ಲಿನ ಹಿಟ್ಟು ಬಳಿದಂತಾಗುತ್ತದೆ. ಕುಪ್ಪಸ ಬೆವರಿನಿಂದ ತೊಯ್ಯುತ್ತದೆ. ಎದೆ ಹಾರುವುದು ಸೆರಗಿನ ಮೇಲೇ ಕಾಣುತ್ತದೆ. ಆಮೇಲೆ ನನ್ನ ಹೆಗಲ ಹಿಂದಿನ ಖಾಲಿ ಜಾಗ ನೋಡುತ್ತಾ, "ಬಂದಾ" ಅನ್ನುತ್ತಾಳೆ. ಯಾರು ಬಂದ ಎಂದರೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ.

ಒಳಗೆ ಏನಾಗುತ್ತದೆ ಗೊತ್ತೇ? ಮೊದಲು ಉಗುರುಗಳು ತಣ್ಣಗಾಗುತ್ತವೆ. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ನೆತ್ತಿ ಸಿಡಿಯುತ್ತದೆ. ಆಮೇಲೆ ಬೆನ್ನ ಹಿಂದೆ ಒಬ್ಬ ನಿಂತಿದ್ದಾನೆ, ಇನ್ನೊಂದು ಉಸಿರಿಗೆ ಹೆಗಲ ಮೇಲೆ ಕೈಯಿಡುತ್ತಾನೆ ಎಂಬುದು ಖಾತ್ರಿಯಾಗುತ್ತದೆ. ತಿರುಗಿ ನೋಡಬಾರದು ಎಂಬುದೂ. ಸ್ವಲ್ಪ ಹೊತ್ತಿಗೆ ಅವನು ಹೋಗುತ್ತಾನೆ. ಅವ್ವ ಎದ್ದು ಚಹಾಕ್ಕೆ ನೀರಿಡುತ್ತಾಳೆ.

ಮಾಮಾ ಅವಳನ್ನು ಸೋಮವಾರ ಸೋಮವಾರ ಚಿತ್ತಾಪುರ ದಾರಿಯ ಗದ್ದುಗೆಗೆ ಕರೆದೊಯ್ದರು. ಹಣೆ ಮುಟ್ಟಿಸಲು ಬಾಗಿದಳು, ಅವನು ಬಂದ. ದೆವ್ವಕ್ಕೆ ಗದ್ದುಗೆಯ ಶಕ್ತಿ ತಾಳಲಾಗಲಿಲ್ಲ, ಅದಕ್ಕೇ ಹೆದರಿ ಎದ್ದಿತು ಎಂದು ಅಲ್ಲಿದ್ದವರೆಲ್ಲ ತಲೆದೂಗಿ, ಇನ್ನಷ್ಟು ನಮಸ್ಕಾರ ಮಾಡಿಸಿದರು. ಅವನು ಇನ್ನಷ್ಟು ಬಂದ.

"ಮಾಮಾ, ಈ ದೆವ್ವಕ್ಕ ಬಕೇಟೂ ಆಗಂಗಿಲ್ಲ. ಅರಬಿ ಹಿಂಡಾಕ ಬಗ್ಗಿದ್ರೂ ಬರ್ತದ" ಎಂದೆ.

"ನೀರಿನಾಗ ಗಂಗವ್ವ ಇರ್ತಾಳ. ನೀ ಬಾಯಿ ಮುಚಗೊಂಡು ಕುಂದ್ರು" ಎಂದರು.

ಕುಳಿತುಕೊಳ್ಳುವ ಜಾತಿಯೇ ನಾನು? ಪಾಲಿಶ್ ಅಂಗಳದಲ್ಲಿ ಎಸೆದಿದ್ದ ನೆಲಕ್ಕೆ ಹಾಸುವ ಒಡಕು ಫರಸಿ ಕಲ್ಲೊಂದನ್ನು ಹೊತ್ತು ತಂದು, ಕಾವಿ ಬಟ್ಟೆ ಸುತ್ತಿ, ವಿಭೂತಿ ಬಳಿದು, ಊದಿನಕಡ್ಡಿ ಹಚ್ಚಿ, ಸೇಡಂ ಕಡೆಯ ಶರಣರ ಪಾದ ತಾಗಿದ ಶಿಲೆ ಎಂದು ಸಾರಿದೆ. ಮಾಮಾ ಚಪ್ಪಲಿ ಬಿಟ್ಟು ದೂರ ನಿಂತರು. ನಗು ತಡೆಯಲು ನಾನು ತುಟಿ ಕಚ್ಚಿದ್ದೆ. ಅವ್ವ ಬಾಗಿದಳು. ಅವನು ಬಂದ, ಹಿಂದೆಂದೂ ಬಾರದಷ್ಟು ಜೋರಾಗಿ. ಕಚ್ಚಿದ ತುಟಿ ಹಾಗೇ ಉಳಿಯಿತು. ಗದ್ದುಗೆಗೂ ಒಡಕು ಫರಸಿಗೂ ಭೇದ ತಿಳಿಯದ ದೆವ್ವ. ಅದು ದೇವರಿಗೆ ಹೆದರುತ್ತಿರಲಿಲ್ಲ, ಅಕ್ಕ. ಅವ್ವ ಬಾಗುವುದನ್ನು ಕಾಯುತ್ತಿತ್ತು.

ಮರುದಿನವೇ ಅವಳನ್ನು ರೈಲು ಹತ್ತಿಸಿ ಕಲಬುರಗಿಗೆ ಕರೆದೊಯ್ದೆ. ಬಿ.ಪಿ. ನೋಡಿದ ನರ್ಸ್ ಮಷೀನು ಕೆಟ್ಟಿದೆಯೆಂದು ಬೇರೆ ತಂದಳು. ಅದೂ ಅದನ್ನೇ ಹೇಳಿತು. ಸ್ಕ್ಯಾನ್ ಆಯಿತು. ಎಡ ಮೂತ್ರಪಿಂಡದ ತಲೆಯ ಮೇಲೆ ಟೋಪಿಯಂತೆ ಕೂತ ಗ್ರಂಥಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಅಲ್ಲಿ ಕ್ರೋಮಾಫಿನ್ ಎಂಬ ಜೀವಕೋಶಗಳಿರುತ್ತವಂತೆ. ಕ್ರೋಮಿಯಂ ಲವಣ ತಾಗಿದರೆ ಕಂದು ಬಣ್ಣಕ್ಕೆ ತಿರುಗುತ್ತವೆ, ಅದಕ್ಕೇ ಆ ಹೆಸರು. ಎಲ್ಲರಲ್ಲೂ ಇವೆ. ಹಾವು ಕಂಡಾಗ ನರ ಸುದ್ದಿ ಮುಟ್ಟಿಸಿದರೆ ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುವುದು ಅವುಗಳ ಕೆಲಸ. ಅವೇ ಹದ್ದುಮೀರಿ ಬೆಳೆದು ಗಂಟಾದರೆ ಹಾವೂ ಬೇಕಿಲ್ಲ. ಬಾಗಿದಾಗ ಹೊಟ್ಟೆ ಒತ್ತಿದರೆ ಸಾಕು, ಸುರಿಸಿಬಿಡುತ್ತವೆ.

"ದೆವ್ವ ಸುಳ್ಳದ. ಹೆದರಿಕಿ ಮಾತ್ರ ಖರೇನ ಅದ" ಎಂದರು ಡಾಕ್ಟರ್ ಅತೀಯಾ.

ಮನೆಯಲ್ಲಿ ಜನರನ್ನು ಹೆದರಿಸುವ ಹುದ್ದೆ ನನ್ನೊಬ್ಬಳದೇ ಎಂದುಕೊಂಡಿದ್ದೆ.

ಗಂಟು ತೆಗೆಯಬೇಕು. ಮೊದಲು ಒಂದೆರಡು ವಾರ ಗುಳಿಗೆ ನುಂಗಿ ರಕ್ತದೊತ್ತಡ ಇಳಿಸಬೇಕು. ತಡವಾದರೆ ಒಂದು ದಿನ ಬಾಗಿದವಳು ಏಳದೇ ಇರಬಹುದು. ಅವ್ವ ಗುಳಿಗೆಯನ್ನು ತುಳಸಿ ಗಿಡಕ್ಕೆ ತಿನ್ನಿಸುತ್ತಿದ್ದಾಳೆ. "ಗುಳಿಗಿಗಿ ಅಂಜಿ ಹೋಗಾಂವಲ್ಲ ಅಂವಾ" ಅನ್ನುತ್ತಾಳೆ. ಕಲ್ಲಿನ ಗುಟ್ಟನ್ನು ನಾನೇ ಒಪ್ಪಿಕೊಂಡಿದ್ದೆ, ಹಾಗಾಗಿ ಮಾಮಾನ ಪ್ರಕಾರ ಸ್ಕ್ಯಾನೂ ನನ್ನದೇ ಆಟ. "ಕಲ್ಲಿಗಿ ಕಾವಿ ಉಡಿಸಿದಾಕಿ, ಡಾಕ್ಟರಿಗಿ ಕೋಟ್ ಉಡಿಸಿರಂಗಿಲ್ಲೇನು?" ಎಂದರು. ಬರುವ ಸೋಮವಾರ ಗದ್ದುಗೆಯ ಸುತ್ತ ಅವಳಿಂದ ದೀರ್ಘದಂಡ ನಮಸ್ಕಾರ ಹಾಕಿಸುತ್ತಾರಂತೆ. ಸುತ್ತು ಪೂರ್ತಿ, ಹೊಟ್ಟೆ ನೆಲಕ್ಕೆ ಒತ್ತಿ.

ಅವ್ವ ನಿನ್ನೊಬ್ಬಳ ಮಾತು ಕೇಳುತ್ತಾಳೆ. ಭಾನುವಾರದೊಳಗೆ ಬಾ. ಬರುವಾಗ ಕಲಬುರಗಿಯಲ್ಲಿ ಇಳಿದು ನಿನ್ನ ಬಿ.ಪಿ. ನೋಡಿಸು, ಈ ಗಂಟು ಕೆಲವು ಮನೆಗಳಲ್ಲಿ ರಕ್ತದಲ್ಲೇ ಇಳಿದು ಬರುತ್ತದಂತೆ. ಮಕ್ಕಳಿಗೆ ಯಾರಿಗಾದರೂ ಹೀಗಾಗುತ್ತದೆಯೇ ಎಂದು ಡಾಕ್ಟರ್ ಕೇಳಿದರು. "ನಮಗ ಬರೇ ಅವ್ವನ ಬೈಗಳ ಬರ್ತಾವ್ರಿ" ಎಂದೆ. ಅವರು ನಗಲಿಲ್ಲ.

ಇಂತಿ, ತಮ್ಮ ಚಪ್ಪಲಿಯ ಧೂಳಿಗೂ ಸಮನಲ್ಲದ,
ನೀಲಾಂಬಿಕಾ

ತಾ. ಕ.: ಒಳಗೆ ಏನಾಗುತ್ತದೆ ಎಂದು ಬರೆದೆನಲ್ಲ, ಅದನ್ನು ಅವ್ವ ಹೇಳಿದ್ದಲ್ಲ. ಅವಳು ಯಾರಿಗೂ ಬಾಯಿ ಬಿಟ್ಟಿಲ್ಲ. ನಾನು ನಿಂತು ಬರೆದದ್ದೂ ನಿನ್ನ ಮೇಲಿನ ಗೌರವಕ್ಕಲ್ಲ. ಕುಳಿತು ಕಾಗದದ ಮೇಲೆ ಬಾಗಿದರೆ ಅವನು ನನ್ನ ಬೆನ್ನ ಹಿಂದೆಯೂ ಬಂದು ನಿಲ್ಲುತ್ತಾನೆ.