ಗಂಟಲಿಗೆ ರಜೆ

ಜನವರಿ 6

ಬೆಳಿಗ್ಗೆ ಮರಳಿನ ವಾಲಿಬಾಲ್ ಕೋರ್ಟ್, ಸಂಜೆ ಹಾಲ್. ಎಂದಿನ ಹಾಗೆಯೇ, ಬಾಯಿಯೊಂದನ್ನು ಬಿಟ್ಟು. ಬೋರ್ಡಿನಲ್ಲಿ ಬರೆದು, ಚಪ್ಪಾಳೆ ತಟ್ಟಿ, ಕಣ್ಣು ಬಿಟ್ಟು ಹೆದರಿಸಿ ಪ್ರಾಕ್ಟೀಸ್ ಮುಗಿಸಿದೆ. ವಿಸಿಲ್ ಕೂಡ ಅಸಿಸ್ಟೆಂಟ್ ಕೊರಳಿಗೆ ಹೋಗಿದೆ. ಊದುವುದೂ ಬೇಡ ಅಂದಿದ್ದಾರೆ ಗಂಟಲಿನ ಡಾಕ್ಟರ್. ಪಿಸುಗುಡುವುದಂತೂ ಕೂಡದಂತೆ. ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದಕ್ಕೆ ಗಂಟಲಲ್ಲಿ ಗಂಟು. ಒಂದು ತಿಂಗಳು ಮೌನ, ಇಲ್ಲದಿದ್ದರೆ ಆಪರೇಷನ್.

ಹುಡುಗಿಯರಿಗೆ ಖುಷಿಯೋ ಖುಷಿ. ನಾನು ಬೈಗುಳ ಬರೆದು ಮುಗಿಸುವಷ್ಟರಲ್ಲಿ ತಪ್ಪು ಮಾಡಿದವಳು ಇನ್ನೊಂದು ತಪ್ಪು ಮಾಡಿರುತ್ತಾಳೆ. ಯಾವುದಕ್ಕೆ ಬೈದದ್ದು ಮೇಡಂ ಅಂತ ಕೇಳುತ್ತಾಳೆ.

ಮನೆಯಲ್ಲಿ ಚೂಟಿ ನನ್ನ ಪಾಲಿನ ಮಾತನ್ನೂ ತಾನೇ ಆಡುತ್ತಾಳೆ. ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ನನ್ನ ಹತ್ತಿರವೇ ಬೆಳೆದವಳು, ಈಗ ನನ್ನ ಟೀಮಿನಲ್ಲೇ ಸ್ಮ್ಯಾಷರ್. ಕೋರ್ಟಿನಲ್ಲಿ ನಾನು ಮೇಡಂ, ಮನೆಯಲ್ಲಿ ದೊಡ್ಡಮ್ಮ. ಈ ನಿಯಮ ಅವಳದೇ. ಒಂದು ದಿನವೂ ತಪ್ಪಿಲ್ಲ.

ಬಾಯಿಗೆ ಬೀಗ ಬಿದ್ದ ಮೇಲೆ ಕೈ ತುರಿಸುತ್ತದೆ. ಅದಕ್ಕೇ ಈ ಬರವಣಿಗೆ.

ಜನವರಿ 9

ಮರಳಿನ ಆಟಕ್ಕೆ ಒಂದು ಕಡೆಗೆ ಇಬ್ಬರೇ. ನಮ್ಮಲ್ಲಿ ಚೂಟಿ ಮತ್ತು ಉದ್ದಿ. ಎತ್ತರ ನೋಡಿ ಟೀಮಿನವರು ಇಟ್ಟ ಹೆಸರು. ಮಾತು ಮಾತ್ರ ಗಿಡ್ಡ — ಅವಳ ಬಾಯಿಂದ ಒಂದು ಶಬ್ದ ಹೊರಡಿಸಬೇಕಾದರೆ ಇಕ್ಕಳ ಬೇಕು. ಅದೇ ತೊಂದರೆ. ಹಾರಿ ಹೊಡೆಯುವವಳ ಕಣ್ಣು ಚೆಂಡಿನ ಮೇಲಿರುತ್ತದೆ, ಎದುರಿನ ಜಾಗ ಕಾಣುವುದಿಲ್ಲ. ಎಲ್ಲಿ ಖಾಲಿ ಇದೆ ಎಂದು ಜೊತೆಯವಳು ಕೂಗಬೇಕು. ‘ಲೈನ್’ ಅಂದರೆ ನೇರ, ‘ಕ್ರಾಸ್’ ಅಂದರೆ ಓರೆ. ಕೇಳಿದ ತಕ್ಷಣ ಹೊಡೆಯಬೇಕು. ನೋಡಬಾರದು, ಯೋಚಿಸಬಾರದು. ಇದನ್ನು ಚೂಟಿಯ ಮೈಗೆ ಹತ್ತಿಸಲು ಎರಡು ವರ್ಷ ನಾನೇ ನೆಟ್ ಪಕ್ಕ ನಿಂತು ಕೂಗಿದ್ದೇನೆ. ಈಗ ನಾನು ಬಾಯಿ ಮುಚ್ಚಿದರೆ ಇವಳ ಗತಿ ಏನು ಎಂಬ ಚಿಂತೆ ಇತ್ತು.

ಇವತ್ತು ಒಂದು ಹೊಡೆತವೂ ತಪ್ಪಲಿಲ್ಲ. ಉದ್ದಿ ತುಟಿ ಬಿಚ್ಚಲಿಲ್ಲ, ನಾನು ನೋಡುತ್ತಲೇ ಇದ್ದೆ.

ಮನೆಗೆ ಬರುತ್ತಾ ಚೂಟಿ ನನ್ನನ್ನೇ ಗದರಿದಳು. ಡಾಕ್ಟರ್ ಅಷ್ಟು ಹೇಳಿದ ಮೇಲೂ ಕೂಗುವುದೇ, ಹೀಗಾದರೆ ಗಂಟು ಕರಗುತ್ತದೆಯೇ ಅಂತ. ಕೂಗಿಲ್ಲ ಎಂದು ತಲೆಯಾಡಿಸಿದೆ. ನಕ್ಕಳು. ಕಾಲೆಳೆಯುತ್ತಿದ್ದಾಳೆ ಅಂದುಕೊಂಡೆ.

ಜನವರಿ 17

ಗೆದ್ದೆವು. ಆದರೆ ನನಗೆ ಹಳದಿ ಕಾರ್ಡ್.

ಮರಳಿನ ಪಂದ್ಯದಲ್ಲಿ ಆಟ ನಡೆಯುವಾಗ ಕೋಚ್ ಹೇಳಿಕೊಡುವಂತಿಲ್ಲ. ಹೇಳಿಕೊಟ್ಟಿರಲಿಲ್ಲ. ಕುರ್ಚಿಯಲ್ಲಿ ಕೂತು ನೀರಿನ ಬಾಟಲಿ ಹಿಡಿದಿದ್ದೆ, ಅಷ್ಟೇ. ರೆಫರಿ ಏಣಿಯಿಂದ ಇಳಿದು ಬಂದು ಕಾರ್ಡ್ ತೋರಿಸಿದರು. ಡಾಕ್ಟರ್ ಚೀಟಿ ತೆಗೆದು ಅವರ ಕೈಗಿಟ್ಟೆ. ಓದಿದರು. ನನ್ನ ಮುಖ ನೋಡಿದರು.

"ಮೇಡಂ, ನನಗೂ ಕಿವಿ ಇದೆ" ಅಂದರು.

ಆ ಕಡೆಯ ಟೀಮಿನ ಕೋಚ್ ಕೂಡ ಹೌದೆಂದು ತಲೆ ಆಡಿಸಿದರು. ಹಿಂದಿನ ಸಾಲಿನಲ್ಲಿ ಕೂತವರೂ.

ಜನವರಿ 18

ಅಸಿಸ್ಟೆಂಟ್ ಫೋನಿನಲ್ಲಿ ಪಂದ್ಯದ ವಿಡಿಯೋ ಹಿಡಿದಿದ್ದ. ಸ್ಟಾಫ್ ರೂಮಿನಲ್ಲಿ ಇಬ್ಬರೇ ನೋಡಿದೆವು. ಮೂಲೆಯಲ್ಲಿ ನಾನು ಕಾಣುತ್ತೇನೆ. ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದೇನೆ, ಗಂಟಲು ಏರಿಳಿಯುವುದೂ ಕಾಣುತ್ತದೆ. ಅದೇ ಹೊತ್ತಿಗೆ — ‘ಕ್ರಾಸ್!’ ಚೂಟಿ ಓರೆಗೆ ಹೊಡೆದಳು. ಪಾಯಿಂಟ್.

ನೀರು ನುಂಗುತ್ತಾ ಯಾರೂ ಕೂಗಲಾರರು.

ಅಸಿಸ್ಟೆಂಟ್ ಹಿಂದಕ್ಕೆ ಓಡಿಸಿ ಮತ್ತೆ ಮತ್ತೆ ನೋಡಿದ. ಆಮೇಲೆ ಫೋನ್ ಬೋರಲು ಹಾಕಿ ಟೀ ತರುತ್ತೇನೆ ಅಂತ ಹೋದ. ವಾಪಸ್ ಬರಲಿಲ್ಲ. ಫೋನ್ ನಾನೇ ಅವನ ಡ್ರಾಯರಿಗೆ ಹಾಕಿ ಬಂದೆ.

ಅದು ನನ್ನ ದನಿಯೇ. ಈಗಿನದಲ್ಲ. ಬಿರುಕಿಲ್ಲದ, ಹಾಲಿನ ಆ ತುದಿಗೆ ಹೋಗಿ ಮುಟ್ಟುತ್ತಿದ್ದ ಹಳೆಯ ದನಿ. ಮಂಡಿ ಕೆಟ್ಟು ಆಟ ಬಿಟ್ಟಾಗ ಕೈಯಲ್ಲಿ ಉಳಿದಿದ್ದು ಅದೊಂದೇ. ಅದನ್ನಿಟ್ಟುಕೊಂಡೇ ಕೋಚ್ ಆದೆ. ಅದರಿಂದಲೇ ಇಷ್ಟು ವರ್ಷ ಅನ್ನ.

ಜನವರಿ 28

ಇಷ್ಟು ದಿನ ಏನೂ ಬರೆಯಲಿಲ್ಲ. ಹೆದರಿ ಅಂತ ಹೇಳಿದರೆ ಸುಳ್ಳಾಗುತ್ತದೆ. ಖುಷಿಯಲ್ಲಿದ್ದೆ. ಆಡಿದ್ದನ್ನೆಲ್ಲ ಗೆದ್ದೆವು. ಪ್ರಿನ್ಸಿಪಾಲರು ಕರೆಸಿ ಕೈ ಕುಲುಕಿದರು. ಎಲ್ಲರೂ ನಾನೇ ಕದ್ದು ಕೂಗುತ್ತೇನೆ ಎಂದು ನಂಬಿದ್ದಾರೆ, ನಂಬಿಕೊಳ್ಳಲಿ ಎಂದು ಬಿಟ್ಟೆ. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದೆ. ಎಂಥ ದನಿ ಇತ್ತಲ್ಲ ನನಗೆ! ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ನನ್ನದೇ ದನಿಯ ಮೇಲೆ.

ಇವತ್ತು ಪ್ರಾಕ್ಟೀಸಿನಲ್ಲಿ ಉದ್ದಿ ಒಂದು ಸುಲಭದ ಚೆಂಡು ಬಿಟ್ಟಳು. ಆಗ ಅದು ಮಾತಾಡಿತು. ಇಷ್ಟು ದಿನ ಒಂದೊಂದೇ ಶಬ್ದ. ಇವತ್ತು ಮಾತು.

"ಇವಳನ್ನ ನಂಬ್ಕೊಂಡು ಕೂತ್ರೆ ಅಷ್ಟೇ. ಚೂಟಿ, ನೀನು ನನ್ನ ಮಾತು ಮಾತ್ರ ಕೇಳು."

ಹುಡುಗಿಯರಿಗೆ ಬೈದಿದ್ದೇನೆ, ಅಳಿಸಿದ್ದೇನೆ, ಮರಳಿನಲ್ಲಿ ಸುಸ್ತಾಗುವವರೆಗೆ ಓಡಿಸಿದ್ದೇನೆ. ಒಬ್ಬಳನ್ನು ಇನ್ನೊಬ್ಬಳಿಂದ ಬಿಡಿಸುವ ಮಾತು ಯಾವತ್ತೂ ಆಡಿದವಳಲ್ಲ. ‘ನಾನಲ್ಲ’ ಎಂದು ಬೋರ್ಡಿನಲ್ಲಿ ಬರೆದು ಎತ್ತಿ ಹಿಡಿದೆ. ಉದ್ದಿ ಓದಲೂ ಇಲ್ಲ. ಬ್ಯಾಗ್ ಎತ್ತಿಕೊಂಡು ಹೊರಟೇಹೋದಳು. ಚೂಟಿ ತಡೆಯಲಿಲ್ಲ. ಸರ್ವ್ ಮಾಡಲು ಹಿಂದೆ ಹೋಗಿ ನಿಂತಿದ್ದಳು, ಏನೂ ಆಗದವಳ ಹಾಗೆ.

ಜನವರಿ 31

ಹಾಲಿನಲ್ಲೂ ಆ ದನಿ ಶುರುವಾಗಿದೆ. ಎಲ್ಲಿಂದ ಬರುತ್ತದೆ ಎಂದು ಹುಡುಕಿದೆ. ನಾನು ಬಲಗಡೆ ಹೋದರೆ ಎಡಗಡೆಯಿಂದ. ನೆಟ್ಟಿನ ಹತ್ತಿರ ಹೋದರೆ ಸ್ಟೋರ್ ರೂಮಿನ ಕಡೆಯಿಂದ. ಹುಡುಗಿಯರು ಅಸಿಸ್ಟೆಂಟ್ ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳುತ್ತಿಲ್ಲ.

ಇನ್ನೊಂದು ಗಮನಿಸಿದೆ. ಕೂಗು ಕೇಳಿದಾಗ ಚೂಟಿ ನನ್ನ ಮುಖ ನೋಡುವುದಿಲ್ಲ. ನನ್ನ ಕುರ್ಚಿಯ ಪಕ್ಕಕ್ಕೆ ನೋಡುತ್ತಾಳೆ, ಸ್ವಲ್ಪ ಮೇಲೆ. ಅಲ್ಲಿ ಯಾರಾದರೂ ನಿಂತಿದ್ದರೆ ಮುಖ ಇರುವಷ್ಟು ಎತ್ತರದಲ್ಲಿ.

ಮನೆಯಲ್ಲಿ ಎಲ್ಲ ವಿವರವಾಗಿ ಬರೆದು ತೋರಿಸಿದೆ. ಕೂಗುತ್ತಿರುವುದು ನಾನಲ್ಲ, ಅದನ್ನು ಕೇಳಬೇಡ ಅಂತ. ಓದಿ ಹಾಳೆ ಮಡಚಿ ನನ್ನ ಕೈಗೇ ಕೊಟ್ಟಳು.

"ನಿನ್ನ ದನಿ ನಂಗೆ ಗೊತ್ತಾಗಲ್ವಾ ದೊಡ್ಡಮ್ಮ? ಹುಟ್ಟಿದಾಗಿಂದ ಕೇಳಿದೀನಿ."

ಫೆಬ್ರವರಿ 4



ಮರಳಿನ ಕೋರ್ಟಿನ ಹಿಂದೆ ಹೊಸ ಕಂಬಗಳಿಗೆಂದು ಆಳವಾದ ಗುಂಡಿ ತೋಡಿದ್ದಾರೆ. ಒಳಗೆ ಕಬ್ಬಿಣದ ಸರಳುಗಳು ನೆಟ್ಟಗೆ ನಿಂತಿವೆ. ಸುತ್ತ ಕಟ್ಟಿದ್ದ ಹಗ್ಗ ಬಿಚ್ಚಿಕೊಂಡು ಮರಳಿನಲ್ಲಿ ಬಿದ್ದಿತ್ತು. ಉದ್ದಿಯ ಬದಲಿಗೆ ಬಂದ ಹುಡುಗಿ ಚೆಂಡನ್ನು ಸಿಕ್ಕಾಪಟ್ಟೆ ಎತ್ತರಕ್ಕೆ, ಹಿಂದಕ್ಕೆ ಎತ್ತಿದಳು. ಚೂಟಿ ಮುಖ ಮೇಲೆ ಮಾಡಿಕೊಂಡು ಹಿಂದೆ ಹಿಂದೆ ಹೋದಳು. ಗೆರೆ ದಾಟಿದಳು. ಅಲ್ಲಿಗೆ ನಿಲ್ಲುತ್ತಿದ್ದಳು. ಆಗ ಅದು, ಮುದ್ದಿನಿಂದ, ಗುಂಡಿಯ ಕಡೆಯಿಂದ...

"ಹಿಂದೆ... ಇನ್ನೂ ಹಿಂದೆ... ಜಾಗ ಇದೆ, ಬಾ."

ಚಪ್ಪಾಳೆ ತಟ್ಟಿದೆ. ತಿರುಗಲಿಲ್ಲ. ಡಾಕ್ಟರ್ ಮಾತು ಮೂಲೆಗಿಟ್ಟು ಕಿರುಚಲು ಬಾಯಿ ತೆರೆದೆ. ಬರೀ ಗಾಳಿ. ಚೆಂಡಿನ ಬುಟ್ಟಿ ಕಾಲ ಬಳಿ ಇತ್ತು. ಒಂದನ್ನು ಮೇಲಕ್ಕೆಸೆದು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಅವಳ ಮೇಲೆ ಸ್ಮ್ಯಾಷ್ ಹೊಡೆದೆ. ಪಕ್ಕೆಗೆ ಬಡಿದು ಪಕ್ಕಕ್ಕೆ ಉರುಳಿದಳು. ಗುಂಡಿಗೆ ಒಂದು ಹೆಜ್ಜೆಯೂ ಉಳಿದಿರಲಿಲ್ಲ.

ಓಡಿಹೋಗಿ ಎತ್ತಲು ಹೋದೆ. ಕೈ ತಳ್ಳಿದಳು. ಗುಂಡಿ ತೋರಿಸಿದೆ, ನೋಡಲೂ ಇಲ್ಲ.

"ನೀವೇ ಕರೆದ್ರಿ. ನೀವೇ ಹೊಡೆದ್ರಿ."

ಫೆಬ್ರವರಿ 5

ಪ್ರಿನ್ಸಿಪಾಲರ ಕೋಣೆ. ಮೊನ್ನೆ ಕುಲುಕಿದ ಕೈ ಇವತ್ತು ಮೇಜಿನ ಮೇಲೇ ಇತ್ತು. ಆಟಗಾರ್ತಿಗೆ ಹೊಡೆದ ಕೋಚ್. ವಿಚಾರಣೆ ಮುಗಿಯುವ ತನಕ ಕೋರ್ಟ್ ಕಡೆ ಕಾಲಿಡಬಾರದು. ಏನು ಹೇಳಲಿಕ್ಕಿದೆ ಬರೆದು ಕೊಡಿ ಅಂದರು. ಬರೆಯಲು ಕೂತೆ... ‘ನನ್ನ ದನಿ’ ಎಂದು ಬರೆದು ಹೊಡೆದುಹಾಕಿದೆ. ಹುಚ್ಚು ಹಿಡಿದಿದೆ ಅನ್ನುತ್ತಾರೆ. ಖಾಲಿ ಹಾಳೆಗೆ ಸಹಿ ಮಾಡಿ ಕೊಟ್ಟೆ.

ಕೆಲಸ ಹೋದರೆ ಹೋಗಲಿ. ಹುಡುಗಿಯ ಮೈಮೇಲೆ ಅಂಗೈಯಗಲ ನೀಲಿಗಟ್ಟಿದೆ. ಮುಲಾಮು ಹಚ್ಚಲು ಹೋದರೆ ಬಾಗಿಲು ಹಾಕಿಕೊಂಡಳು.

ಫೆಬ್ರವರಿ 8

ಅಸಿಸ್ಟೆಂಟ್ ಮನೆಗೆ ಬಂದಿದ್ದ. ಕೂರು ಎಂದು ಸನ್ನೆ ಮಾಡಿದರೂ ಕೂರಲಿಲ್ಲ. ಗುಂಡಿಗೆ ಹಲಗೆ ಮುಚ್ಚಿಸಿದ್ದಾನಂತೆ. ಎರಡು ದಿನದಿಂದ ಮರಳಿನ ಕಡೆ ಯಾರನ್ನೂ ಬಿಡುತ್ತಿಲ್ಲವಂತೆ, ಆದರೂ ಚೂಟಿ ಬರುತ್ತಾಳೆ, ಒಬ್ಬಳೇ. ನನಗೆ ಲೈಬ್ರರಿ ಅಂತ ಹೇಳಿ ಹೋಗುತ್ತಿದ್ದವಳು.

"ನಾನು ವಿಸಿಲ್ ಊದ್ತಾನೇ ಇರ್ತೀನಿ, ಅವಳು ನಿಲ್ಲಲ್ಲ. ಮಾತಾಡ್ತಿರ್ತಾಳೆ, ನಗ್ತಿರ್ತಾಳೆ. ಆ ದನಿ ನಿಮ್ಮದಲ್ಲ ಅಂತ ಈಗ ನನಗೆ ಗ್ಯಾರಂಟಿ ಆಯ್ತು ಮೇಡಂ. ಹೇಗಾದ್ರೂ ಅವಳನ್ನ ಮನೇಲಿ ಕೂರಿಸ್ಕೊಳ್ಳಿ."

ಹೋಗುವಾಗ ವಿಸಿಲನ್ನು ನನ್ನ ಮೇಜಿನ ಮೇಲಿಟ್ಟು ಹೋದ. ಹಾಲಿನ ಪ್ರಾಕ್ಟೀಸ್ ಕೂಡ ನಿಲ್ಲಿಸಿದ್ದಾನೆ.

ಫೆಬ್ರವರಿ 10, ಮಧ್ಯಾಹ್ನ

ಗಂಟು ಕರಗಿದೆ. ಮಾತಾಡಿ ನೋಡೋಣ ಅಂದರು ಡಾಕ್ಟರ್. ಏನು ಮಾತಾಡಲಿ ಅಂದೆ. ಆ ಎರಡು ಶಬ್ದಕ್ಕೇ ಬೆಚ್ಚಿಬಿದ್ದೆ. ಒಡೆದ, ಗಂಡಸಿನದೋ ಹೆಂಗಸಿನದೋ ತಿಳಿಯದ, ಬೇರೆ ಯಾರದೋ ದನಿ. ಇನ್ನು ಹೀಗೆಯೇ ಅಂದರು. ಹಳೆಯದು ಹೋಯಿತು ಅಂತ ತಿಳಿದುಕೊಳ್ಳಿ ಅಂದರು, ಸಮಾಧಾನ ಮಾಡುವವರ ಹಾಗೆ.

ಹೋಯಿತು ಅಂದರೆ ಎಲ್ಲಿಗೆ ಡಾಕ್ಟ್ರೇ ಎಂದು ಕೇಳಿದೆ. ತಮಾಷೆ ಅಂದುಕೊಂಡು ನಕ್ಕರು.

ಫೆಬ್ರವರಿ 10, ಸಂಜೆ

ದೇವರೇ, ಎದೆ ಹಗುರಾಯಿತು. ಬರೆದಿಡಬೇಕು.

ಬಂದ ಕೂಡಲೇ ಚೂಟಿಯ ಬಾಗಿಲ ಮುಂದೆ ನಿಂತು ಅವಳ ಹೆಸರು ಹಿಡಿದು ಕರೆದೆ. ಮನೆಗೆ ಯಾರೋ ನುಗ್ಗಿದ್ದಾರೆ ಎಂದು ಕೈಗೆ ಸಿಕ್ಕ ಪೊರಕೆ ಹಿಡಿದುಕೊಂಡು ಬಂದಳು. ನಾನೇ ಕಣೇ ಅಂದೆ. ಬಾಯನ್ನೇ ನೋಡಿದಳು. ಮತ್ತೆ ಮಾತಾಡು ಅಂದಳು. ಮಾತಾಡಿದೆ. ಗುಂಡಿಯ ವಿಷಯ, ಚೆಂಡು ಯಾಕೆ ಹೊಡೆದೆ ಅನ್ನುವುದು, ಎಲ್ಲ. ನಿನ್ನನ್ನು ಕಳೆದುಕೊಂಡರೆ ನಾನು ಬದುಕಲ್ಲ ಎಂದೂ ಹೇಳಿಬಿಟ್ಟೆ, ಜೀವನದಲ್ಲಿ ಮೊದಲ ಸಲ, ಇಂಥ ಕೆಟ್ಟ ದನಿಯಲ್ಲಿ. ಹುಡುಗಿ ಅತ್ತಳು. ನನ್ನ ಗಂಟಲು ಸವರಿ ನೋವಾಗತ್ತಾ ಅಂತ ಕೇಳಿದಳು. ಇನ್ನು ಮರಳಿನ ಕಡೆ ಹೋಗಲ್ಲ ಅಂತ ಕೈ ಮೇಲೆ ಕೈ ಇಟ್ಟಳು. ಟೀ ಮಾಡಿಕೊಟ್ಟು, ಉದ್ದಿಗೆ ಸಾರಿ ಕೇಳಬೇಕು ಎಂದು ಒಳಗೆ ಹೋದಳು.

ಈಗ ಅವಳ ಕೋಣೆಯಿಂದ ಮಾತು ಕೇಳುತ್ತಿದೆ. ಮೆತ್ತಗೆ ನಗುತ್ತಿದ್ದಾಳೆ. ಇಬ್ಬರೂ ರಾಜಿಯಾದರು ಅಂತ ಕಾಣುತ್ತದೆ. ಆ ಉದ್ದಿ ಫೋನಿನಲ್ಲಾದರೂ ಬಾಯಿ ಬಿಡುತ್ತಾಳಲ್ಲ, ಪುಣ್ಯ. ನಾಳೆ ಇಬ್ಬರನ್ನೂ ಕೂರಿಸಿಕೊಂಡು

ಚೂಟಿಯ ಫೋನ್ ನನ್ನ ಮೇಜಿನ ಮೇಲಿದೆ. ಚಾರ್ಜಿಗೆ ಹಾಕಿದ್ದಾಳೆ.

"ಬಂದೆ ದೊಡ್ಡಮ್ಮ" ಅಂದಳು ಈಗ. ನಾನು ಕರೆದಿಲ್ಲ.

ಹಜಾರ ದಾಟಿ ಹೋದಳು. ನನ್ನ ಕಡೆ ತಿರುಗಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಿದ್ದಾಳೆ. ಕೂತಲ್ಲಿಂದಲೇ ಕರೆದೆ, ಎಷ್ಟಾಗುತ್ತದೋ ಅಷ್ಟು ಜೋರಾಗಿ. ಚಪ್ಪಲಿಯ ಸದ್ದು ನಿಂತಿತು. ಬಾಗಿಲ ಹತ್ತಿರ ಮುಖವಿಟ್ಟು, ಹೊರಗಿರುವವರಿಗೆ, ಗುಟ್ಟಿನಲ್ಲಿ ಹೇಳುತ್ತಿದ್ದಾಳೆ.

"ದೊಡ್ಡಮ್ಮ, ಒಳಗೆ ಯಾರೋ ಇದಾರೆ."

ಕಾಲು ಮರಗಟ್ಟಿದೆ, ಕೈ ಮಾತ್ರ ಬರೆಯುತ್ತಿದೆ. ಹೊರಗಿನಿಂದ ನನ್ನ ದನಿ, ಗೊತ್ತು ಪುಟ್ಟ, ನೀನು ಬೇಗ ಬಾ ಅಂದಿತು. ಚಿಲಕ ತೆಗೆದಳು. ನಾನು