ದೊಡ್ಡ ನಂಬರಿನ ಸಣ್ಣ ಕಣ್ಣು

ಶಿರಸಿ
ಸೋಮವಾರ, ತಾ. 6-2-1961

ನಮ್ಮ ಶಾರದಿಯ ಅಪ್ಪನವರಿಗೆ ಮುರಿಗೆವ್ವ ಮಾಡುವ ಶರಣು.

ನಿಮ್ಮ ಕಾರ್ಡು ಶುಕ್ರವಾರ ಮುಟ್ಟಿತು. ಕೆಮ್ಮು ಹೇಗಿದೆ? ಸಂಜೆಯ ಜ್ವರ ನಿಜವಾಗಿ ಇಳಿದಿದೆಯೋ, ಇಲ್ಲ ನನ್ನ ಸಮಾಧಾನಕ್ಕೆ ಇಳಿದಿದೆ ಎಂದು ಬರೆದಿರೋ? ಅಕ್ಷರ ಈ ಸಲ ಸೊಟ್ಟಗಿದೆ. ಮಲಗಿಕೊಂಡೇ ಬರೆದಿದ್ದೀರಿ ಎಂದು ನನಗೆ ಗೊತ್ತಾಗುವುದಿಲ್ಲವೇ? ಡಾಕ್ಟರು ದಿನಕ್ಕೊಂದು ಮೊಟ್ಟೆ ತಿನ್ನಿ ಎಂದರೆ ಮೂಗು ಮುಚ್ಚಿಕೊಂಡು ತಿಂದುಬಿಡಿ ಮಾರಾಯರೇ. ಕೊರಳಲ್ಲಿ ಲಿಂಗವಿದೆ ಎಂದು ಹಟ ಹಿಡಿಯಬೇಡಿ. ಶಿವ ನಿಮ್ಮ ಎದೆಯ ಮೇಲೇ ಕೂತಿದ್ದಾನೆ, ಒಳಗಿನ ಹುಣ್ಣು ಅವನಿಗೆ ಕಾಣದೇ? ನಾನು ಇಲ್ಲಿ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ, ಅತ್ತೆಯವರ ಮುಂದಂತೂ ಇಲ್ಲವೇ ಇಲ್ಲ. ಇಪ್ಪತ್ತನೇ ತಾರೀಕಿಗೆ ಪಕ್ಕೆಲುಬು ತೆಗೆದು ಆಪರೇಷನ್ ಮಾಡುತ್ತಾರೆಂದು ಬರೆದಿದ್ದೀರಿ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ಇದರೊಳಗೇ ಇಟ್ಟಿದ್ದೇನೆ. ಎಷ್ಟು ಎಲುಬು, ಎಷ್ಟು ಹೊತ್ತು, ಆಮೇಲೇನು, ಒಂದೂ ತಿಳಿಯಲಿಲ್ಲ. ಕಾಗದವೆಲ್ಲ ಇಂಗ್ಲಿಷು, ಸಹಿ ಮಾತ್ರ ಕನ್ನಡ. ಮಿರಜಿನ ಆಸ್ಪತ್ರೆಗೆ ನಾನೇ ಬಂದುಬಿಡೋಣವೆಂದರೆ ಅತ್ತೆಯವರ ಕಾಲಿನ ಬಾವು ಇಳಿದಿಲ್ಲ, ಮಗುವನ್ನು ಆ ವಾರ್ಡಿನೊಳಗೆ ಬಿಡುವುದಿಲ್ಲವಂತೆ. ನಾನೇನು ಮಾಡಲಿ ಹೇಳಿ. ಶಾರದಿ ಆರಾಮಾಗಿದ್ದಾಳೆ. ಅಪ್ಪ ಎಲ್ಲಿ ಎಂದು ಕೇಳಿದರೆ ಓಡಿಹೋಗಿ ಕ್ಯಾಮೆರಾದ ಕಪ್ಪು ಬಟ್ಟೆ ಎತ್ತಿ ಒಳಗೆ ನೋಡುತ್ತಾಳೆ. ಎರಡೂವರೆ ವರ್ಷದವಳು, ಅವಳ ಲೆಕ್ಕದಲ್ಲಿ ನೀವು ಯಾವಾಗಲೂ ಅಲ್ಲೇ ಇರುವವರು.

ಸ್ಟುಡಿಯೋ ಬಾಗಿಲು ಮುಚ್ಚಿಲ್ಲ. ಹೆಂಗಸು ಫೋಟೋ ತೆಗೆಯುತ್ತಾಳೆಂದು ಪೇಟೆಯವರು ಮೊದಮೊದಲು ಬಗ್ಗಿ ಬಗ್ಗಿ ನೋಡಿ ನಕ್ಕರು, ಈಗ ಅವರಿಗೂ ಸಾಕಾಗಿದೆ. ಕ್ಯಾಮೆರಾ ಪೆಟ್ಟಿಗೆಗೆ ನೀವು ಅಂಟಿಸಿ ಹೋದ ಚೀಟಿ ನನಗೆ ಬಾಯಿಪಾಠವಾಗಿದೆ. ಬಿಸಿಲಿಗೆ ಯಾವ ನಂಬರು, ನೆರಳಿಗೆ ಯಾವುದು, ಎಷ್ಟು ದೂರಕ್ಕೆ ಕ್ಯಾಮೆರಾದ ತಿದಿಯನ್ನು ಎಷ್ಟು ಎಳೆಯಬೇಕು, ಎಲ್ಲವೂ. ಕ್ಯಾಮೆರಾದ ಕಣ್ಣಿನ ಸುತ್ತ ಇರುವ ಬಳೆಯನ್ನು ತಿರುಗಿಸುವಾಗ ನಂಬರು ದೊಡ್ಡದಾದಷ್ಟೂ ಕಣ್ಣು ಸಣ್ಣದಾಗುತ್ತದೆ, ಬೆಳಕು ಕಡಿಮೆ ಬೀಳುತ್ತದೆ ಎನ್ನುವುದು ಈಗ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಅದನ್ನು ಹೇಗೆ ಕಲಿತೆ ಎಂದು ಮಾತ್ರ ಕೇಳಬೇಡಿ. ಎಣಿಕೆಯೂ ನಿಮ್ಮದೇ. ಕಣ್ಣಿನ ಮುಚ್ಚಳ ತೆಗೆದು, ಬಯಲಿನ ನೆರಳಾದರೆ ಒಂದು ಸಲ ‘ಓಂ ನಮಃ ಶಿವಾಯ’, ಮನೆಯೊಳಗಾದರೆ ಎರಡು ಸಲ, ಮತ್ತೆ ಮುಚ್ಚುವುದು. ಮನಸ್ಸಿನಲ್ಲೇ ಹೇಳಿಕೋ ಎಂದು ನೀವು ನೂರು ಸಲ ಹೇಳಿದ್ದಿರಿ. ಅದೊಂದನ್ನು ಮರೆತೆ ನೋಡಿ.

ಕಳೆದ ಸೋಮವಾರ ದಾಸನಕೊಪ್ಪದ ಚಂದ್ರಶೇಖರಪ್ಪನವರು ಓಡುತ್ತ ಬಂದರು. ಅವರ ತಾಯಿ ಪಾರ್ವತವ್ವ ಬೆಳಗಿನ ಜಾವ ಲಿಂಗೈಕ್ಯರಾಗಿದ್ದರು. ‘ಅಕ್ಕಾರ, ಅವ್ವಂದು ಒಂದೂ ಫೋಟೋ ಇಲ್ರಿ, ಲಗೂನ ಬರ್ರಿ’ ಎಂದರು. ನನ್ನ ಯಜಮಾನರು ಊರಲ್ಲಿಲ್ಲ ಎಂದೆ. ‘ನೀವ ಬರ್ರಿ’ ಎಂದು ಪೆಟ್ಟಿಗೆಯನ್ನು ತಾವೇ ಎತ್ತಿದರು. ನೂರ್ ಅಹ್ಮದ್ ಸಾಹೇಬರ ಲಾರಿ ಬನವಾಸಿಗೆ ಹೊರಟಿತ್ತು, ಅದರಲ್ಲೇ ಹೋದೆವು. ನಮ್ಮವರಲ್ಲಿ ಮಾಡುವಂತೆ ಅಜ್ಜಿಯನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಇಳಕಲ್ ಸೀರೆ, ಕೊರಳಿಗೆ ಹೂವು. ಸುತ್ತಲೂ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಹದಿನೆಂಟು ಜನ. ಪಡಸಾಲೆಯೋ ಕತ್ತಲು, ಮೇಲೆ ಲೋಬಾನದ ಹೊಗೆ. ಬಳೆಯನ್ನು ಎಲ್ಲಕ್ಕಿಂತ ಸಣ್ಣ ನಂಬರಿಗೆ ತಂದೆ. ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ನೋಡಿದರೆ ಗಾಜಿನಲ್ಲಿ ಹದಿನೆಂಟು ಜನವೂ ತಲೆಕೆಳಗಾಗಿ ಅಳುತ್ತಿದ್ದರು. ಯಾರೂ ಅಲುಗಾಡಬೇಡಿ ಎಂದು ಹೇಳಿ ಮುಚ್ಚಳ ತೆಗೆದೆ. ಎಣಿಕೆ ತಪ್ಪೀತೆಂಬ ಹೆದರಿಕೆಗೆ ಬಾಯಿಬಿಟ್ಟೇ ‘ಓಂ ನಮಃ ಶಿವಾಯ’ ಎಂದುಬಿಟ್ಟೆ. ಅಷ್ಟೇ ಸಾಕಾಯಿತು. ಚಂದ್ರಶೇಖರಪ್ಪನವರು ಗಟ್ಟಿಯಾಗಿ ಅದನ್ನೇ ಹೇಳಿದರು, ಹಿಂದೆಯೇ ಇಡೀ ಮನೆ ಹೇಳಿತು. ಎಲ್ಲರೂ ಅಜ್ಜಿಯ ಕಡೆ ತಿರುಗಿ ಕೈಮುಗಿದು ತಲೆ ಬಾಗಿಸಿದರು. ಅಯ್ಯೋ, ಅದು ಪ್ರಾರ್ಥನೆಯಲ್ಲ, ನನ್ನ ಎಣಿಕೆ ಎಂದು ಆ ಹೊತ್ತಿನಲ್ಲಿ ಹೇಗೆ ಹೇಳಲಿ? ಮುಚ್ಚಳ ಕೈಯಲ್ಲಿ ಹಿಡಿದು ಕಂಬದ ಹಾಗೆ ನಿಂತೆ. ಇನ್ನೊಂದು ತೆಗೆಯೋಣವೆನ್ನುವಷ್ಟರಲ್ಲಿ ಅಜ್ಜಿಯನ್ನು ಹೊತ್ತೊಯ್ಯುವ ಹೂವಿನ ವಿಮಾನಕ್ಕೆ ಎತ್ತಿಬಿಟ್ಟಿದ್ದರು.

ಗಾಜಿನ ಪ್ಲೇಟು ತೊಳೆದು ಪ್ರಿಂಟು ಹಾಕಿದೆ. ಹದಿನೆಂಟು ಜನರೂ ಬರೀ ಹೊಗೆ. ಯಾವುದು ಮಗ, ಯಾವುದು ಸೊಸೆ, ಗೊತ್ತಾಗುವುದಿಲ್ಲ. ನಡುವೆ ಪಾರ್ವತವ್ವ ಒಬ್ಬರೇ ಸ್ಪಷ್ಟ. ಮುಖದ ಒಂದೊಂದು ಗೆರೆ, ಮೂಗಿನ ನತ್ತಿನ ಹರಳು, ಸೀರೆಯ ಅಂಚು, ಎಲ್ಲ ಕಾಣುತ್ತದೆ. ನಿನ್ನೆ ಚಂದ್ರಶೇಖರಪ್ಪನವರು ಬಂದಾಗ ಪ್ರಿಂಟನ್ನು ಅವರ ಕೈಗೆ ಕೊಟ್ಟು, ತಪ್ಪು ನನ್ನದು, ಬೈಯಿರಿ ಎಂದು ತಲೆ ತಗ್ಗಿಸಿ ನಿಂತೆ. ಅವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ‘ಅವ್ವ ಬಂದಾಳಲ್ರಿ ಅಕ್ಕಾರ, ಸಾಕ್ರಿ. ನಾವೇನ್ರಿ, ಅಲುಗಾಡೋ ಮಂದಿ. ಇದ್ದವರದು ಯಾವಾಗರ ತಗೀಬಹುದು’ ಎಂದರು. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅವರಿಗಾಗಿ ಅತ್ತದ್ದಲ್ಲ.

ಅತ್ತೆಯವರು ಆಶೀರ್ವಾದ ಹೇಳಿದ್ದಾರೆ, ನಿಮ್ಮ ಶಾಲನ್ನು ಎದೆಗೆ ಬಿಗಿಯಾಗಿ ಸುತ್ತಿಕೊಳ್ಳಬೇಕಂತೆ. ಪಕ್ಕದ ಹಾಸಿಗೆಯ ಹಾವೇರಿಯವರಿಗೆ ನನ್ನ ಶರಣು ತಿಳಿಸಿ. ಇಪ್ಪತ್ತನೇ ತಾರೀಕು ನಾನು ಒಲೆ ಹಚ್ಚುವುದಿಲ್ಲ, ಶಾರದಿಗೆ ಮಾತ್ರ ಹಾಲು ಅನ್ನ. ಶಿವ ನಿಮ್ಮನ್ನು ಕಾಯಲಿ.

ನಿಮ್ಮ
ಮುರಿಗೆವ್ವ

ತಾ. ಕ.: ಟಪಾಲು ತೆಗೆಯುವ ಹೊತ್ತಾಯಿತು, ಆದರೂ ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ನೀವು ಹೊರಟ ದಿನ ಸ್ಟುಡಿಯೋದ ಕುರ್ಚಿಯಲ್ಲಿ ಕೂತು, ಮಗುವಿಗಿರಲಿ ಎಂದು ನನ್ನ ಕೈಯಿಂದ ನಿಮ್ಮ ಫೋಟೋ ತೆಗೆಸಿಕೊಂಡಿರಲ್ಲ, ಅದು ಬರಲಿಲ್ಲ. ಚೆನ್ನಾಗಿ ಬಂದಿದೆ, ಚೌಕಟ್ಟು ಹಾಕಿಸಿದ್ದೇನೆ ಎಂದು ಬರೆದದ್ದು ಸುಳ್ಳು. ಒಳಗೆ ಕತ್ತಲೆಯಿದೆ, ಬೆಳಕು ಹೆಚ್ಚು ಬೇಕು ಎಂದುಕೊಂಡು ಬಳೆಯನ್ನು ಎಲ್ಲಕ್ಕಿಂತ ದೊಡ್ಡ ನಂಬರಿಗೆ ತಿರುಗಿಸಿದ್ದೆ. ಗಾಜಿನಲ್ಲಿ ನಿಮ್ಮ ವಿಭೂತಿ ಮತ್ತು ಅಂಗಿಯ ಕಾಲರು ಮಾತ್ರ ಒಂದೊಂದು ಎಳೆಯಾಗಿ ಬಿದ್ದಿವೆ, ನಡುವೆ ಮುಖವಿಲ್ಲ. ಊರಿನವರದ್ದೆಲ್ಲ ತೆಗೆದಿರಿ, ನಿಮ್ಮದು ಇನ್ನೊಂದು ಈ ಮನೆಯಲ್ಲಿಲ್ಲ. ಇಪ್ಪತ್ತನೇ ತಾರೀಕಿನೊಳಗೆ ಅಲ್ಲಿಯೇ ಯಾರಿಂದಲಾದರೂ ಒಂದು ತೆಗೆಸಿ ಕಳಿಸಿ. ಗಟ್ಟಿಯಾಗಿ ಕೂರಬೇಡಿ, ಉಸಿರು ಹಿಡಿಯಬೇಡಿ. ಕೆಮ್ಮು ಬಂದರೆ ಕೆಮ್ಮಿಬಿಡಿ. ಅಲುಗಾಡಿದ್ದೇ ಬರಲಿ, ನನಗೆ ಅದೇ ಬೇಕು.